ಎಡಗಾಲಿನ ಟೂರ್ನಿ

ಮೈದಾನದಲ್ಲಿ ಕೈಲಾಗುವಷ್ಟು ದಿನ ಕೋಚ್, ಆಮೇಲೆ ಸಂಸ್ಥೆಯ ಕುರ್ಚಿ: ಫುಟ್‌ಬಾಲಿನಲ್ಲಿ ಇದು ಮಾಮೂಲಿ ದಾರಿ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಎರಡನ್ನೂ ಒಟ್ಟಿಗೇ ನಡೆಸಿದರು.

ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು 1963ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲಿದ್ದರು. ಅವರು ಪಳಗಿಸಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ, ಎಲ್ಲವೂ ಅವರು ಭಾರತ ತಂಡದ ಕೋಚ್ ಆಗಿದ್ದಾಗಲೇ ಬಂದವು. ಬೆಂಗಳೂರಿನ ಅಹ್ಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ, ಇವರೆಲ್ಲ ರಹೀಂ ಕೈಕೆಳಗೆ ದೇಶಕ್ಕೆ ಆಡಿದವರು.

ನನಗೆ ಪದಕಗಳಿಗಿಂತ ಹೆಚ್ಚು ಹಿಡಿಸುವುದು ಅವರು ಏರ್ಪಡಿಸುತ್ತಿದ್ದ ವಿಚಿತ್ರ ಟೂರ್ನಿಗಳು. ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ, ಚೆಂಡು ಬಂದ ಕೂಡಲೇ ಪಾಸ್ ಮಾಡಬೇಕು. ಇನ್ನೊಂದರಲ್ಲಿ ಪಳಗದ ಕಾಲಿನಲ್ಲೇ ಒದೆಯಬೇಕು. ಎಡಗಾಲು ಬಳಸು ಎಂದು ಕೋಚ್ ಎಷ್ಟು ಬಡಕೊಂಡರೂ ಪಂದ್ಯದ ದಿನ ಹುಡುಗ ಚೆಂಡನ್ನು ಬಲಗಾಲಿಗೇ ಹೊರಳಿಸಿಕೊಳ್ಳುತ್ತಾನೆ. ಅದನ್ನೇ ನಿಯಮ ಮಾಡಿ, ಮೇಲೊಂದು ಕಪ್ಪನ್ನೂ ಇಟ್ಟರೆ ಕಲಿಯದೆ ವಿಧಿಯಿಲ್ಲ. ಅಂಥ ನಿಯಮ ಮಾಡುವ ಅಧಿಕಾರ ಇರುವುದು ಕಾರ್ಯದರ್ಶಿಗೆ. ಕೋಚ್‌ನ ತಲೆಗೆ ಹೊಳೆದದ್ದಕ್ಕೆ ಆಡಳಿತಗಾರನ ಸಹಿ ಬಿತ್ತು. ಎರಡೂ ಒಬ್ಬನದೇ ಆದ್ದರಿಂದ ಕಡತ ಅಲೆಯಲಿಲ್ಲ.

ಈಗಿನ ಕುರ್ಚಿಗಳ ಕಥೆ ಬೇರೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ ಆಟಗಾರನಾಗಿದ್ದವನೊಬ್ಬ ಅಧ್ಯಕ್ಷನಾಗಲು 2022ರ ಸೆಪ್ಟೆಂಬರ್ ಬರಬೇಕಾಯಿತು. ಗೋಲ್‌ಕೀಪರ್ ಆಗಿದ್ದ ಕಲ್ಯಾಣ್ ಚೌಬೆ, ಬೈಚುಂಗ್ ಭುಟಿಯಾರನ್ನು 33–1ರಿಂದ ಸೋಲಿಸಿದರು. ದೇಶದ ನಾಯಕನಾಗಿದ್ದವನಿಗೆ ಒಂದೇ ಮತ! ಚೌಬೆ ಬಿಜೆಪಿ ಮುಖಂಡರೂ ಹೌದು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ವಿದುರಾಶ್ವತ್ಥ, ಗೌರಿಬಿದನೂರು, ಶಿಡ್ಲಘಟ್ಟದ ಕಡೆ ಶಾಲೆಯ ಪಿ.ಟಿ. ಮೇಷ್ಟ್ರೇ ಕೋಚು, ರೆಫರಿ, ಕ್ರೀಡಾಕೂಟದ ಸಂಘಟಕ ಎಲ್ಲ. ಅಂದರೆ ರಹೀಂ ಕೈಲಿದ್ದ ಎರಡು ಅಧಿಕಾರಗಳೂ ಚಿಕ್ಕ ಪ್ರಮಾಣದಲ್ಲಿ ಇವರ ಬಳಿ ಇವೆ. ಕಬಡ್ಡಿ, ಖೋಖೋ ಮುಗಿದ ಮೇಲೆ ಮೈದಾನ ಖಾಲಿ ಉಳಿಯುವ ದಿನಗಳೂ ಇರುತ್ತವೆ. ಮೇಷ್ಟ್ರೇ, ಈ ವರ್ಷ ಒಂದು ಎಡಗಾಲಿನ ಟೂರ್ನಿ ಇಡಿ. ಖರ್ಚು ಒಂದು ಚೆಂಡು, ಒಂದು ಸೀಟಿ.