ಸಿದ್ಧ ಚೌಕಟ್ಟಿನಲ್ಲಿ ಒತ್ತಕ್ಷರಕ್ಕೆ ಜಾಗವೆಲ್ಲಿ?

ನೀವು ಬಸವಕಲ್ಯಾಣದ ಶಾಲೆಯೊಂದಕ್ಕೆ ಜಾಲತಾಣ ರಚಿಸಿದ್ದೀರಿ ಎಂದುಕೊಳ್ಳಿ. ಅದನ್ನು ನೋಡಿ ಹುಮನಾಬಾದಿನ ಶಾಲೆಯೂ ಅಂಥದ್ದನ್ನೇ ಕೇಳುತ್ತದೆ. ಅಕ್ಷರದ ಗಾತ್ರ, ಬಣ್ಣ, ಅಂಚು ಎಲ್ಲಕ್ಕೂ ಮತ್ತೆ ನಿಯಮ ಬರೆಯಬೇಕೆ? ಬೇಕಿಲ್ಲ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ನಿಯಮಗಳನ್ನು ಒಮ್ಮೆ ಬರೆದು, ಹಲವೆಡೆ ಬಳಸುವಂತೆ ಜೋಡಿಸಿಟ್ಟರೆ ಅದೇ ಒಂದು ಚೌಕಟ್ಟು, ಅಂದರೆ ಫ್ರೇಮ್‌ವರ್ಕ್.

ಸಿದ್ಧ ಚೌಕಟ್ಟುಗಳಲ್ಲಿ ಹೆಸರುವಾಸಿಯಾದುದು ಬೂಟ್‌ಸ್ಟ್ರ್ಯಾಪ್. ಟ್ವಿಟರ್ ಸಂಸ್ಥೆಯಲ್ಲಿದ್ದ ಮಾರ್ಕ್ ಆಟೊ ಮತ್ತು ಜೇಕಬ್ ಥಾರ್ನ್‌ಟನ್ ರೂಪಿಸಿದ ಇದು 2011ರಲ್ಲಿ ಹೊರಬಂತು. ಪುಟವನ್ನು 12 ಅಂಕಣಗಳಾಗಿ ಹಂಚುವ ಇದರ ಜಾಲರಿ ನಿಜಕ್ಕೂ ಉಪಯುಕ್ತ. ಆದರೆ ಇದರ ಮೂಲ ಅಳತೆಗಳು ಇಂಗ್ಲಿಷ್ ಲಿಪಿಗೆ ಹೊಂದುವಂಥವು. ಐದನೆಯ ಆವೃತ್ತಿಯಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರ ಗಾತ್ರದ 1.2 ಪಟ್ಟು ಮಾತ್ರ. 'ರಾಷ್ಟ್ರೀಯ' ಎಂಬ ಪದವನ್ನು ಗಮನಿಸಿ. ಷಕಾರದೊಡನೆ ಎರಡು ಒತ್ತುಗಳಿವೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗಬಹುದು. ಈ ಅಳತೆಯನ್ನು ಬದಲಿಸಲು ಅವಕಾಶವಿದೆ, ನಿಜ. ಆದರೆ ಬದಲಿಸಬೇಕೆಂದು ಬಳಸುವವರಿಗೆ ತಿಳಿದಿರಬೇಕಲ್ಲ?

ಎರಡನೆಯ ತೊಡಕು ದಿಕ್ಕಿನದು. ಈ ಊರುಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು ಓದುವವರೂ ಇದ್ದಾರೆ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ಬೂಟ್‌ಸ್ಟ್ರ್ಯಾಪ್ 2021ರಲ್ಲಿ 'ಎಡ', 'ಬಲ' ಎಂಬ ಅಂಚಿನ ಹೆಸರುಗಳನ್ನು 'ಆರಂಭ', 'ಅಂತ್ಯ' ಎಂದು ಬದಲಿಸಿತು. ಇದು ಮೆಚ್ಚತಕ್ಕ ಹೆಜ್ಜೆ. ಆದರೂ ಬಲದಿಂದ ಎಡಕ್ಕೆ ಓದುವ ಪುಟಕ್ಕೆ ಅದು ಪ್ರತ್ಯೇಕ ಕಡತವನ್ನೇ ಕೊಡುತ್ತದೆ. ಕನ್ನಡ, ಉರ್ದು ಎರಡೂ ಇರುವ ಒಂದೇ ಸೂಚನಾ ಪುಟಕ್ಕೆ ನೀವು ಹೆಚ್ಚಿನ ಕೆಲಸ ಮಾಡಬೇಕಾಗುತ್ತದೆ.

ಹಾಗಾದರೆ ಪುಟ್ಟದೊಂದು ಚೌಕಟ್ಟನ್ನು ನೀವೇ ಕಟ್ಟಬಹುದೆ? ಖಂಡಿತ. ಬಣ್ಣ, ಅಕ್ಷರ ಶೈಲಿ, ಸಾಲಿನ ಎತ್ತರಗಳನ್ನು ಸಿಎಸ್‌ಎಸ್ ಚರಗಳಲ್ಲಿಡಿ. ಪ್ರತಿ ಭಾಗಕ್ಕೂ ಅದರ ಭಾಷೆಯನ್ನು ನಮೂದಿಸಿ, ಕನ್ನಡಕ್ಕೆ 1.7, ನಸ್ತಾಲಿಕ್ ಶೈಲಿಯ ಉರ್ದುವಿಗೆ 2ರಿಂದ ಆರಂಭಿಸಿ ನೋಡಿ. ಎಡ ಅಂಚಿನ ಬದಲು 'ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್' ಬಳಸಿದರೆ, ಬರಹದ ದಿಕ್ಕಿನೊಡನೆ ಅಂಚೂ ತಾನೇ ಬದಲಾಗುತ್ತದೆ. ಹುಮನಾಬಾದಿನ ಶಾಲೆಗೆ ಚರಗಳ ಕೆಲವು ಸಾಲುಗಳನ್ನು ತಿದ್ದಿದರೆ ಸಾಕು.

ಸ್ವಂತ ಚೌಕಟ್ಟಿಗೂ ಮಿತಿಯಿದೆ. ದೊಡ್ಡ ಚೌಕಟ್ಟುಗಳನ್ನು ಸಾವಿರಾರು ಜನ ಪರೀಕ್ಷಿಸಿರುತ್ತಾರೆ. ನಿಮ್ಮದನ್ನು ನೀವೇ ಪರೀಕ್ಷಿಸಬೇಕು. ಆದ್ದರಿಂದ ಯಾವ ಚೌಕಟ್ಟನ್ನೇ ಆರಿಸಿ, ಮೊದಲು 'ರಾಷ್ಟ್ರೀಯ ವಿಜ್ಞಾನ ದಿನಾಚರಣೆ' ಎಂಬ ಶೀರ್ಷಿಕೆಯನ್ನು ಮೊಬೈಲಿನ ಕಿರಿದಾದ ಪರದೆಯಲ್ಲಿ ಇಟ್ಟು ನೋಡಿ. ಮಕ್ಕಳು ತಡವರಿಸದೆ ಓದಿದರೆ ಮಾತ್ರ ಅದನ್ನು ಒಪ್ಪಿಕೊಳ್ಳಿ.