ವೀರಗಲ್ಲಿನ ಮುಂದೆ ಮೊಬೈಲ್: ಚಿತ್ರ ಹುಡುಕುವ ಆ್ಯಪ್‌ಗಳ ಬಗ್ಗೆ ಒಂದು ತಕರಾರು

ಶಾಸನಾಸಕ್ತರ ಗುಂಪುಗಳಲ್ಲಿ ಈಚೆಗೆ ಹೊಸ ಬಗೆಯ ಉತ್ತರವೊಂದು ಕಾಣಿಸಿಕೊಳ್ತಿದೆ. ಯಾರೋ ಊರಾಚೆಯ ವೀರಗಲ್ಲಿನ ಫೋಟೋ ಹಾಕಿ "ಯಾವ ಕಾಲದ್ದು ಸಾರ್?" ಅಂತ ಕೇಳ್ತಾರೆ. ಐದೇ ನಿಮಿಷದಲ್ಲಿ ಇನ್ಯಾರೋ "ಹೊಯ್ಸಳರದ್ದು, 12ನೇ ಶತಮಾನ" ಅಂತಾರೆ. ಹೇಗೆ ಗೊತ್ತಾಯ್ತು ಅಂದ್ರೆ, ಆ್ಯಪ್ ತೋರಿಸ್ತು. ಶಾಸನದ ಒಂದಕ್ಷರವನ್ನೂ ಯಾರೂ ಓದಿರೋದಿಲ್ಲ. ಆಮೇಲೆ ಅದೇ ಫೋಟೋ, ಅದೇ ಶೀರ್ಷಿಕೆ ಹತ್ತು ಕಡೆ ಹೋಗುತ್ತೆ. ಮುಂದಿನ ಸಲ ಆ್ಯಪ್ ಹುಡುಕುವಾಗ ಆ ಹತ್ತೂ ಕಡೆಯಿಂದ ಅದೇ ಉತ್ತರ ಸಿಗುತ್ತೆ.

ತಂತ್ರಜ್ಞಾನ ಹೊಸದೇನಲ್ಲ. 2009ರಲ್ಲಿ ಗೂಗಲ್ ಗಾಗಲ್ಸ್ ಬಂದಾಗ ಪುಸ್ತಕದ ಮುಖಪುಟ, ಪ್ರಸಿದ್ಧ ಚಿತ್ರಕಲೆ, ಹೆಸರಾಂತ ಕಟ್ಟಡ, ಇಂಥವನ್ನು ಗುರುತಿಸ್ತಿತ್ತು. 2017ರಲ್ಲಿ ಘೋಷಣೆಯಾದ ಲೆನ್ಸ್ ಅದಕ್ಕಿಂತ ಬಹಳ ಮುಂದೆ ಹೋಗಿದೆ. ಆದರೂ ಈ ಬಗೆಯ ಆ್ಯಪ್‌ಗಳ ಒಳಗುಟ್ಟು ಹೆಚ್ಚುಕಮ್ಮಿ ಒಂದೇ. ನಿಮ್ಮ ಚಿತ್ರವನ್ನು ಸಂಖ್ಯೆಗಳ ಒಂದು ಉದ್ದ ಪಟ್ಟಿಯಾಗಿ ಮಾಡುತ್ತೆ, ತನ್ನಲ್ಲಿರುವ ಕೋಟ್ಯಂತರ ಚಿತ್ರಗಳ ಪಟ್ಟಿಗಳ ಪೈಕಿ ಅದಕ್ಕೆ ಹತ್ತಿರವಾದದ್ದನ್ನು ಹುಡುಕುತ್ತೆ, ಅವುಗಳ ಪಕ್ಕ ಬರೆದಿರುವ ಮಾತನ್ನು ನಿಮ್ಮ ಮುಂದಿಡುತ್ತೆ. ಶೂ ಖರೀದಿಗೆ ಇಷ್ಟು ಸಾಕು.

ವೀರಗಲ್ಲಿಗೆ ಸಾಲದು. ಸಾಮಾನ್ಯ ವೀರಗಲ್ಲಿನಲ್ಲಿ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಈ ವಿನ್ಯಾಸ ಶತಮಾನಗಟ್ಟಲೆ ನಡೆದುಬಂದಿದೆ. ದೂರದಿಂದ ನೋಡಿದರೆ ನೂರಾರು ಕಲ್ಲುಗಳು ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡೋದು ಪಟ್ಟಿಕೆಗಳ ನಡುವಿನ ಎರಡು ಮೂರು ಸಾಲು ಬರಹ. ಆ್ಯಪ್ ಪಾಲಿಗೆ ಅದು ಕಲ್ಲಿನ ಒರಟುತನ ಅಷ್ಟೇ.

ಬೇಗೂರನ್ನೇ ತಗೊಳ್ಳಿ. 'ಬೆಂಗಳೂರ ಕಾಳಗ'ದ ಉಲ್ಲೇಖವಿರುವ ಶಾಸನ ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿದೆ. ಅದೇ ಬೇಗೂರಿನಿಂದ ಬಂದ, ದೊಡ್ಡ ಯುದ್ಧದೃಶ್ಯವಿರುವ ಗಂಗರ ಕಾಲದ ಇನ್ನೊಂದು ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎರಡು ಫೋಟೋಗೂ ಯಾರಾದರೂ 'ಬೇಗೂರು ವೀರಗಲ್ಲು' ಅಂತಷ್ಟೇ ಬರೆದರೆ, ಯಾವುದರ ಮಾತು ಯಾವುದಕ್ಕೆ ಅಂಟಿಕೊಳ್ಳುತ್ತೋ ದೇವರೇ ಬಲ್ಲ.

ಇನ್ನು ಅಕ್ಷರ ಓದುವ ವಿಚಾರ. ಆ್ಯಪ್‌ಗಳ ಕನ್ನಡ ಓದು ಇವತ್ತಿನ ಅಚ್ಚಿನ ಅಕ್ಷರದ ಮೇಲೆ ಪಳಗಿದ್ದು. ಶಾಸನದಲ್ಲಿ ಪದಗಳ ನಡುವೆ ಜಾಗ ಇರಲ್ಲ, ಎಕಾರ ಏಕಾರಕ್ಕೆ ಸಾಮಾನ್ಯವಾಗಿ ಭೇದ ಇರಲ್ಲ, ಱ ಮತ್ತು ೞ ಬರ್ತವೆ, ಸವೆದ ಜಾಗದಲ್ಲಿ ಪ, ವ, ಮ ಮೂರೂ ಒಂದೇ. ಅನುಮಾನ ಬಂದಲ್ಲಿ ನಾವು ಚುಕ್ಕಿ ಇಡ್ತೀವಿ, ಆವರಣದಲ್ಲಿ ಹಾಕ್ತೀವಿ. ನಾನು ಪ್ರಯತ್ನಿಸಿದ ಆ್ಯಪ್‌ಗಳಲ್ಲಿ ಚುಕ್ಕಿ ಇಡುವ ಅಭ್ಯಾಸ ಇಲ್ಲ. ತೋಚಿದ್ದನ್ನು ತುಂಬಿ ಸಾಲು ಮುಗಿಸ್ತವೆ. ನನ್ನ ದೊಡ್ಡ ತಕರಾರು ಇದೇ.

ಇಂಜಿನಿಯರ್‌ಗೆ ಅರ್ಥವಾಗುವ ಉದಾಹರಣೆ ಕೊಡ್ತೀನಿ. ಬೇಲೂರು ಚೆನ್ನಕೇಶವನ ಪ್ರತಿಷ್ಠೆಯ ಕಾಲ ಶಕ 1039, ಹೇವಿಳಂಬಿ ಸಂವತ್ಸರ, ಅಂದರೆ ಕ್ರಿ.ಶ. 1117. ಇಂಥ ಕಡೆ ಸವೆದ 9 ಅನ್ನು 6 ಅಂತ ಓದಿದಿರಿ ಅಂದ್ಕೊಳ್ಳಿ. ಶಕ 1036 ಜಯ ಸಂವತ್ಸರ. ಹೇವಿಳಂಬಿಗೂ ಅದಕ್ಕೂ ತಾಳೆಯಾಗಲ್ಲ, ತಕ್ಷಣ ಸಿಕ್ಕಿಬೀಳ್ತೀರಿ. ನಮ್ಮ ಹಿರಿಯರು ಕಲ್ಲಿನಲ್ಲೇ ಚೆಕ್‌ಸಮ್ ಕೆತ್ತಿಟ್ಟಿದ್ದಾರೆ! ಚಿತ್ರದ ಹೋಲಿಕೆಗೆ ಆ ಲೆಕ್ಕದ ಗೊಡವೆಯೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ್ಯಪ್‌ಗೆ ಕಾಣಲಿ ಅಂತ ಅಕ್ಷರದ ಮೇಲೆ ಸೀಮೆಸುಣ್ಣ ತಿದ್ದೋದು, ಬಣ್ಣ ಹಚ್ಚೋದು. ತಿದ್ದಿದವರ ಊಹೆಯನ್ನೇ ಆಗ ಆ್ಯಪ್ ಓದಿ ಒಪ್ಪಿಸುತ್ತೆ. ಕಲ್ಲಿಗೆ ಮೆತ್ತಿದ ಬಣ್ಣ ಮಾತ್ರ ಅಲ್ಲೇ ಉಳಿಯುತ್ತೆ. ಬೇಕಾಗಿರೋದು ಸಂಜೆಗತ್ತಲು, ಒಂದು ಟಾರ್ಚು, ಕಲ್ಲಿನ ಮೈಗೆ ಸವರಿಕೊಂಡು ಹೋಗುವ ಓರೆ ಬೆಳಕು. ಬೆಳಕಿನ ದಿಕ್ಕು ಬದಲಿಸಿ ನಾಲ್ಕಾರು ಫೋಟೋ ತೆಗೆದರೆ ಗೀರು ಯಾವುದು, ಉಳಿ ಏಟು ಯಾವುದು ಅಂತ ಗೊತ್ತಾಗುತ್ತೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡ್ತಿರೋದೂ ಇದಕ್ಕೇ. ಅಕ್ಷರ ಇರೋದು ಬಣ್ಣದಲ್ಲಲ್ಲ, ಆಳದಲ್ಲಿ.

ಹಾಗಂತ ಆ್ಯಪ್ ಅಳಿಸಿಹಾಕಿ ಅಂತ ನಾನು ಹೇಳ್ತಿಲ್ಲ, ನನ್ನ ಫೋನಲ್ಲೂ ಇದೆ. ಎಪಿಗ್ರಾಫಿಯಾ ಕರ್ನಾಟಿಕದ ಪುಟದ ಫೋಟೋ ತೆಗೆದು ಅಚ್ಚಿನ ಪಠ್ಯವನ್ನು ಟೈಪ್ ಮಾಡದೆ ಪಡೆಯೋಕೆ ಚೆನ್ನಾಗಿದೆ, ಸರಿನೋಡಿಕೊಂಡರೆ. ಅದೇ ಕಲ್ಲಿನ ಹಳೆಯ ಫೋಟೋ ಎಲ್ಲಾದರೂ ಇದೆಯಾ ಅಂತ ಹುಡುಕೋಕೂ ಆಗುತ್ತೆ. ಈಗ ಉದುರಿಹೋದ ಮೂಲೆ ಆಗಿನ ಚಿತ್ರದಲ್ಲಿ ಉಳಿದಿರಬಹುದು. ಸಿಕ್ಕಿದರೆ ಒಡಕು, ಸಾಲುಗಳ ಸಂಖ್ಯೆ, ಅಂಚಿನ ಆಕಾರ ಒಂದೊಂದಾಗಿ ಹೋಲಿಸಿ.

ಮುಂದೆ ಯಾರಾದರೂ ಕಲ್ಲಿನ ಫೋಟೋ ಹಾಕುವಾಗ ಊರು, ಹೋಬಳಿ, ತಾಲ್ಲೂಕು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದು, ಪಕ್ಕದಲ್ಲಿ ಒಂದು ಸ್ಕೇಲು, ಇಷ್ಟನ್ನು ಕೊಡಿ. ಆ್ಯಪ್ ಏನಾದರೂ ಹೇಳಿದ್ದರೆ ಅದನ್ನೂ ಬರೀರಿ, ಆದರೆ 'ಆ್ಯಪ್ ಹೇಳಿದ್ದು' ಅಂತಲೇ ಬರೀರಿ.