ಕೊಕ್ಕೆ ಸಿಕ್ಕಿಸಿದರೆ ಸಾಲದು

ನಾಯಿಯ ‘ಸೀಟ್ ಬೆಲ್ಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ವಸ್ತುವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಂದು ತುದಿಯಲ್ಲಿ ಕಾರಿನ ಬಕಲ್‌ಗೆ ಕೂರುವ ಲೋಹದ ನಾಲಿಗೆ, ಇನ್ನೊಂದು ತುದಿಯಲ್ಲಿ ಪುಟ್ಟ ಕೊಕ್ಕೆ, ನಡುವೆ ಉದ್ದ ಹೆಚ್ಚಿಸಬಹುದಾದ ನೈಲಾನ್ ಪಟ್ಟಿ. ಅದನ್ನು ಹಾಕಿದರೆ ನಾಯಿ ಕಾರು ಓಡಿಸುವವರ ತೊಡೆಯ ಮೇಲೆ ಹಾರುವುದಿಲ್ಲ. ಅಪಘಾತವಾದ ಕಾರಿನ ಬಾಗಿಲು ತೆರೆದಾಗ ಗಾಬರಿಯಲ್ಲಿ ಹೆದ್ದಾರಿಗೆ ಓಡುವುದೂ ಇಲ್ಲ. ಇವೆರಡೂ ಸಣ್ಣ ಉಪಕಾರಗಳಲ್ಲ. ಆದರೆ ಡಿಕ್ಕಿಯ ಹೊತ್ತಿನಲ್ಲಿ ಅದು ನಾಯಿಯನ್ನು ಕಾಯುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ.

ಗಂಟೆಗೆ 50 ಕಿ.ಮೀ. ವೇಗದ ಕಾರು ಗುದ್ದಿ ನಿಂತರೆ, ಒಳಗಿರುವ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಸುಮಾರು 10 ಮೀಟರ್ ಎತ್ತರದಿಂದ ಬಿದ್ದದ್ದು ನೆಲ ಮುಟ್ಟುವ ವೇಗ ಅದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ಮಿತಿಯಾದ 100 ಕಿ.ಮೀ.ಗೆ ಹೋದರೆ ಎತ್ತರ ಇಮ್ಮಡಿಯಲ್ಲ, ನಾಲ್ಕು ಪಟ್ಟಾಗುತ್ತದೆ. 25 ಕಿಲೋ ತೂಗುವ ಲ್ಯಾಬ್ರಡಾರ್ ಆ ವೇಗದಲ್ಲಿ ನುಗ್ಗುವಾಗ ಪಟ್ಟಿಯನ್ನು ಕೊರಳಿಗೆ ಸಿಕ್ಕಿಸಿದ್ದರೆ ಇಡೀ ಎಳೆತ ಬೀಳುವುದು ಕುತ್ತಿಗೆಯ ಮೇಲೆ. ಪಟ್ಟಿ ಉದ್ದವಿದ್ದಷ್ಟೂ ನಾಯಿ ಹಾರುವ ದೂರ ಹೆಚ್ಚು, ಜಗ್ಗಿ ನಿಲ್ಲುವ ಹೊಡೆತವೂ ಹೆಚ್ಚು. ನಾಯಿಗೆ ಆರಾಮವಿರಲಿ ಎಂದು ಪಟ್ಟಿ ಸಡಿಲ ಬಿಡುವ ಪ್ರೀತಿ ನನಗೆ ಅರ್ಥವಾಗುತ್ತದೆ. ಅದರಿಂದಲೇ ಭಯವೂ ಆಗುತ್ತದೆ.

ಈ ವಿಷಯದಲ್ಲಿ ನಾನು ಹೆಚ್ಚು ಗೌರವಿಸುವ ಕೆಲಸ ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿಯದು. ಕೊರಳ ಬದಲು ಎದೆಗೆ ತೊಡಿಸುವ ಹಾರ್ನೆಸ್ ತೊಟ್ಟಿದ್ದರೂ ತಮ್ಮ ನಾಯಿ ಜೋರು ಬ್ರೇಕಿಗೆ ಗಾಯಗೊಂಡದ್ದನ್ನು ಕಂಡ ಲಿಂಡ್ಸಿ ವೊಲ್ಕೊ 2011ರಲ್ಲಿ ಆ ಸಂಸ್ಥೆಯನ್ನು ಕಟ್ಟಿದರು. 2013ರಲ್ಲಿ ಸುಬಾರು ಕಂಪನಿಯ ನೆರವಿನಿಂದ, ನಿಜ ನಾಯಿಯ ಗಾತ್ರ ಮತ್ತು ತೂಕದ ಬೊಂಬೆಗಳಿಗೆ ಹಾರ್ನೆಸ್ ತೊಡಿಸಿ ಡಿಕ್ಕಿ ಪರೀಕ್ಷೆ ನಡೆಸಿದರು. ಸ್ಲೀಪಿಪಾಡ್ ಕಂಪನಿಯ ಕ್ಲಿಕಿಟ್ ಯುಟಿಲಿಟಿ ಎಂಬ ಹಾರ್ನೆಸ್ ಎಲ್ಲಕ್ಕಿಂತ ಮುಂದೆ ನಿಂತಿತು. ಪರೀಕ್ಷೆಯ ದೊಡ್ಡ ಫಲ ಅದಲ್ಲ. ನಾಯಿಯ ಹಾರ್ನೆಸ್‌ಗೆ ಅಲ್ಲಿನ ಸರ್ಕಾರದ ಮಾನದಂಡವೇ ಇಲ್ಲ, ಹಾಗಾಗಿ ‘ಕ್ರ್ಯಾಶ್ ಟೆಸ್ಟೆಡ್’ ಎಂದು ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು ಎಂಬುದು ಅದರಿಂದ ಬಯಲಾಯಿತು. ಆ ಸಂಸ್ಥೆಯ ಇನ್ನೊಂದು ಎಚ್ಚರಿಕೆ ನಮ್ಮ ರೂಢಿಗೆ ತದ್ವಿರುದ್ಧ: ಡಿಕ್ಕಿ ಪರೀಕ್ಷೆಯಲ್ಲಿ ಗೆಲ್ಲದ ಸಾಗಣೆ ಚೀಲವನ್ನು ಸೀಟ್ ಬೆಲ್ಟಿನಿಂದ ಬಿಗಿಯಬೇಡಿ, ಬೆಲ್ಟೇ ಅದನ್ನು ಹಿಂಡಿಬಿಡಬಹುದು, ಚಿಕ್ಕ ಚೀಲವಾದರೆ ಮುಂದಿನ ಸೀಟಿನ ಹಿಂದೆ ನೆಲದ ಮೇಲಿಡಿ.

ಆ ಪರೀಕ್ಷೆಗೂ ಮಿತಿಯಿದೆ. ಬೊಂಬೆಗಳ ಗಾತ್ರ ಕೆಲವೇ ಕೆಲವು. ಮುಧೋಳ ನಾಯಿಯ ಆಳವಾದ ಎದೆ, ಹಿಡಿಯಷ್ಟು ಸಣ್ಣ ನಡುವಿಗೆ ಹೊರಗಿನ ಅಳತೆಯ ಹಾರ್ನೆಸ್ ಸರಿಯಾಗಿ ಕೂರುತ್ತದೆಯೇ ಎಂದು ಇಲ್ಲೇ ತೊಡಿಸಿ ನೋಡಬೇಕು. ಸಡಿಲವಾದ ಹಾರ್ನೆಸ್‌ನಿಂದ ಅಂಥ ನಾಯಿ ಹಿಂದಕ್ಕೆ ನುಸುಳಿಕೊಂಡು ಸಲೀಸಾಗಿ ಹೊರಬರುತ್ತದೆ.

ಕಾನೂನಿನ ನೆರವು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನ ಹೈವೇ ಕೋಡ್‌ನ 57ನೇ ನಿಯಮ ನಾಯಿಯನ್ನು ತಕ್ಕಂತೆ ಕಟ್ಟಿರಬೇಕು ಎನ್ನುತ್ತದೆ. ಇಟಲಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಾಣಿಗಳಿದ್ದರೆ ಪಂಜರವೋ ಹಿಂಭಾಗದ ಅಡ್ಡಬಲೆಯೋ ಕಡ್ಡಾಯ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅನಗತ್ಯ ನೋವಾಗುವಂತೆ ಸಾಗಿಸುವುದನ್ನು ಅಪರಾಧ ಎನ್ನುತ್ತದೆ. ಆ ಮಾತಿನಲ್ಲಿ ಕಾರಿನ ಹಿಂದಿನ ಸೀಟಿನ ಸಾಕುನಾಯಿ ಯಾರ ಕಣ್ಣಿಗೂ ಬಿದ್ದಂತಿಲ್ಲ.

ಹೀಗಿರುವಾಗ ನನ್ನ ಆಯ್ಕೆ ಸ್ಪಷ್ಟ. ದೊಡ್ಡ ನಾಯಿಗೆ, ಜಾಗವಿರುವ ಕಾರಿನಲ್ಲಿ, ಅಲುಗದಂತೆ ಬಿಗಿದ ಗಟ್ಟಿ ಕ್ರೇಟ್. ಅದಿಲ್ಲದಿದ್ದರೆ ಎದೆಯಗಲಕ್ಕೂ ಹಬ್ಬಿದ ಹಾರ್ನೆಸ್, ತೀರಾ ಗಿಡ್ಡ ಪಟ್ಟಿ, ಹಿಂದಿನ ಸೀಟು. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇರುವವರೆಗೂ ಅಲ್ಲಿ ನಾಯಿ ಕೂರಕೂಡದು. ಯಾರ ತೊಡೆಯ ಮೇಲೂ ಕೂರಕೂಡದು. ಮಾರುವವರಲ್ಲಿ ನಾನು ಕೇಳುವುದೂ ಹೆಚ್ಚಿನದಲ್ಲ: ಎಷ್ಟು ಕಿಲೋ ತೂಕಕ್ಕೆ, ಎಷ್ಟು ವೇಗದಲ್ಲಿ, ಯಾರ ಮುಂದೆ ಪರೀಕ್ಷಿಸಿದಿರಿ ಎಂಬುದನ್ನು ಪ್ಯಾಕೆಟ್ಟಿನ ಮೇಲೆ ಬರೆಯಿರಿ. ಪರೀಕ್ಷಿಸಿಲ್ಲವಾದರೆ ಅದನ್ನೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ.